ಶನಿವಾರ ತಲೆಗೆ ನೀರು

ಏಸುಸ್ವಾಮಿ ಸಮಾಧಿಯಿಂದ ಎದ್ದ ಹಬ್ಬವನ್ನು ಯಾವ ಭಾನುವಾರ ಮಾಡಬೇಕು ಎಂದು ಜಗಳವಾಡಿ ತಲೆ ಒಡೆದುಕೊಂಡ ಸನ್ಯಾಸಿಗಳನ್ನು ನಾನು ಈ ಎರಡು ಕಣ್ಣಿನಿಂದ ನೋಡಿದ್ದೇನೆ. ಹೊಳೆಯ ಒಂದು ದಡಕ್ಕೆ ನಮ್ಮ ಕ್ಲೂನ್‌ಬೆಗ್ ಮಠ, ಇನ್ನೊಂದು ದಡಕ್ಕೆ ದೈರ್‌ಮೋರ್ ಮಠ. ನಮ್ಮವರು ಅಜ್ಜಂದಿರ ಕಾಲದ ಲೆಕ್ಕ ಹಿಡಿದು ಪಾಸ್ಕ ಹಬ್ಬ ಮಾಡುವವರು, ಅವರು ರೋಮಿನಿಂದ ಬಂದ ಹೊಸ ಲೆಕ್ಕದವರು. ನಮ್ಮವರು ಹಣೆಯಿಂದ ನೆತ್ತಿಯವರೆಗೆ, ಈ ಕಿವಿಯಿಂದ ಆ ಕಿವಿಗೆ ತಲೆ ಬೋಳಿಸುತ್ತಾರೆ. ಅವರು ನಡುನೆತ್ತಿಯಲ್ಲಿ ರೊಟ್ಟಿಯಗಲ ಬೋಳಿಸಿ ಸುತ್ತ ಕೂದಲು ಬಿಡುತ್ತಾರೆ. ನನ್ನನ್ನು ಕೇಳಿದರೆ ಇಬ್ಬರನ್ನು ನೋಡಿದರೂ ನಗು ಬರುತ್ತದೆ. ಆದರೆ ನಮ್ಮ ಐರ್ಲೆಂಡಿನಲ್ಲಿ ಗುಡ್ಡಕ್ಕೊಬ್ಬ ರಾಜ, ರಾಜನಿಗೊಂದು ಮಠ. ಮಠಗಳು ಕಚ್ಚಾಡಿದರೆ ರಾಜರು ಕತ್ತಿ ಹಿರಿಯುತ್ತಾರೆ, ರಾಜರು ಕತ್ತಿ ಹಿರಿದರೆ ನಮ್ಮಂಥವರ ಮನೆಯ ಗಂಡಸರು ಸಾಯುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಬಡವಾದ ಕೂಸು ನನ್ನದು.

ಹೆತ್ತದ್ದು ನಾನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಜನ ನನಗೆ ಅದನ್ನೇ ಹೇಳುತ್ತಾರೆ. "ಹೆತ್ತವಳೇ ಸುಮ್ಮನಿದ್ದಾಳೆ, ನಿನ್ನದೇನೇ ಗೋಳು?" ದೊಡ್ಡ ಮನೆಯವರು ಮಕ್ಕಳನ್ನು ಹೆರುತ್ತಾರೆ, ಸಾಕುವುದು ಬೇರೆಯವರು. ರಾಜನ ಮಗನಾದರೂ ಸರಿ, ಹಾಲು ಬಿಡುವ ಮೊದಲೇ ಇನ್ನೊಂದು ಮನೆಗೆ ಕೊಟ್ಟು, ಮೀಸೆ ಬರುವ ಹೊತ್ತಿಗೆ ವಾಪಸ್ ಕರೆಸಿಕೊಳ್ಳುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ನನ್ನ ಹೆಣ್ಣುಕೂಸು ಜ್ವರದಲ್ಲಿ ಹೋದ ವಾರವೇ ರಾಜ ಕೊಂಗಲ್ ತನ್ನ ಮಗ ಲೋರ್ಕಾನನನ್ನು ಕಂಬಳಿಯಲ್ಲಿ ಸುತ್ತಿ ತಂದು ನನ್ನ ಗಂಡ ಎರ್ಕನ ಕೈಗೆ ಕೊಟ್ಟ. ನನ್ನ ಎದೆಯಲ್ಲಿ ಹಾಲಿತ್ತು, ಕೂಸಿರಲಿಲ್ಲ. ಲೋರ್ಕಾನ್ ಬಾಯಿ ಹಾಕಿದವನೇ ಕಚ್ಚಿದ. ನಾನು ನೋವಿಗೆ ಅತ್ತೆನೋ, ಸತ್ತ ಮಗಳಿಗೆ ಅತ್ತೆನೋ, ಇವನು ಬಂದನಲ್ಲ ಎಂದು ಅತ್ತೆನೋ, ಇವತ್ತಿಗೂ ಗೊತ್ತಿಲ್ಲ.

ಸಾಕುಮಕ್ಕಳ ಅಂಬಲಿಗೂ ಕಟ್ಟಳೆ ಇದೆ ನೋಡಿ. ರಾಜನ ಮಗನಿಗಾದರೆ ಜೇನು ಹಾಕಬೇಕು, ದೊಡ್ಡ ಮನೆಯವರ ಮಗನಿಗೆ ಹೊಸ ಬೆಣ್ಣೆ, ನಮ್ಮಂಥವರ ಮಕ್ಕಳಿಗೆ ಹಳೇ ಉಪ್ಪುಬೆಣ್ಣೆ. ಎರ್ಕ ಅದಕ್ಕೆಂದೇ ಜೇನುಗೂಡು ಸಾಕಿದ. ಈ ಮಹಾರಾಯನಿಗೆ ಜೇನು ಕಂಡರಾಗದು.

"ಅವ್ವಾ, ನಿನ್ನ ಬಟ್ಟಲು ಕೊಡು," ಎನ್ನುತ್ತಿದ್ದ.

"ಲೋ, ಅದು ಉಪ್ಪುಬೆಣ್ಣೆ ಕಣೋ. ನಿಮ್ಮಪ್ಪ ನೋಡಿದರೆ ನನ್ನ ಚರ್ಮ ಸುಲೀತಾನೆ."

"ಅಪ್ಪ ಇಲ್ಲೆಲ್ಲಿದ್ದಾನೆ? ಕೊಡು ಅಂದ್ರೆ."

ಹೀಗೆ ರಾಜನ ಮಗ ನನ್ನ ಉಪ್ಪುಬೆಣ್ಣೆ ತಿಂದು ಬೆಳೆದ, ನಾನು ರಾಜನ ಜೇನು ತಿಂದು ದಪ್ಪಗಾದೆ.

ಶನಿವಾರ ಬಂದರೆ ತಲೆಗೆ ನೀರು. ಒಲೆಯ ಮುಂದೆ ಕೂರಿಸಿ ಅವನ ತಲೆ ತಿಕ್ಕಿ ತೊಳೆಯುತ್ತಿದ್ದೆ. ಮುಗಿದ ಮೇಲೆ, "ಈಗ ನಿನ್ನ ಸರದಿ," ಎಂದು ಚೆಂಬು ಕಿತ್ತುಕೊಳ್ಳುತ್ತಿದ್ದ. ನನ್ನ ಕೂದಲು ಆಗ ಸೊಂಟದವರೆಗೆ, ತಾಮ್ರದಂಥ ಕೆಂಪು. ಅದನ್ನು ನೆನೆಸಿ, ಉಜ್ಜಿ, ಗಂಟು ಹಾಕಿ, ಕೊನೆಗೆ ಬೇಕೆಂದೇ ಕಿವಿಗೆ ನೀರು ಹುಯ್ಯುತ್ತಿದ್ದ. "ಮುಂಡೇದೇ, ಕಿವಿ ಕಿವುಡಾಗುತ್ತೆ!" ಎಂದು ನಾನು ಎದ್ದು ಅಟ್ಟಿಸಿಕೊಂಡು ಹೋಗುವುದು, ಅವನು ಕೇಕೆ ಹಾಕುತ್ತ ದನದ ದೊಡ್ಡಿಗೆ ಓಡುವುದು. ಬೀಳುವುದು ಒಮ್ಮೊಮ್ಮೆ ನಾನೇ.

ಮೀಸೆ ಚಿಗುರಿದಾಗ ಕರೆದುಕೊಂಡು ಹೋದರು. ಕುದುರೆ ಹತ್ತಿ ಗುಡ್ಡದ ತಿರುವಿನವರೆಗೆ ಹಿಂತಿರುಗಿ ನೋಡುತ್ತಲೇ ಹೋದ. ಎರ್ಕ, "ಸಾಕಿದ ಮಗ ಸಾಲ ತಂದ ಹಸು ಇದ್ದ ಹಾಗೆ. ಹಿಂದಕ್ಕೆ ಕೊಡಲೇಬೇಕು ಕಣೇ," ಎಂದ. ನನ್ನ ಗಂಡ ಒಳ್ಳೆಯವನು, ಆದರೆ ಯಾವ ಹೊತ್ತಿಗೆ ಯಾವ ಮಾತು ಆಡಬೇಕೆಂದು ಅವನಿಗೆ ಸಾಯುವತನಕ ತಿಳಿಯಲಿಲ್ಲ. ಆ ಸಂಜೆ ಅವನ ಅಂಬಲಿಗೆ ಏನನ್ನೂ ಹಾಕಲಿಲ್ಲ, ಉಪ್ಪೂ ಸಹ.

ಲೋರ್ಕಾನ್ ಮರೆಯಲಿಲ್ಲ. ವರ್ಷಕ್ಕೊಮ್ಮೆ ಬಂದೇ ಬರುತ್ತಿದ್ದ. ಸೊಂಟದಲ್ಲಿ ಕತ್ತಿ, ಹೆಗಲಿಗೆ ಬೆಳ್ಳಿ ಕೊಂಡಿಯ ಹೊದಿಕೆ, ಬಂದು ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ, "ಅವ್ವಾ, ಉಪ್ಪುಬೆಣ್ಣೆ," ಎನ್ನುತ್ತಿದ್ದ.

ಆಮೇಲೆ ಆ ಯುದ್ಧ ಬಂತು. ಹೊಳೆ ದಾಟುವಲ್ಲಿ ಇರುವ ಚಿಕ್ಕ ದೇಗುಲದ ಕಾಣಿಕೆ ಯಾರಿಗೆ ಸೇರಬೇಕು ಎನ್ನುವುದು ಜಗಳ. ನಮ್ಮ ಮಠ ನಮ್ಮದು ಎಂದಿತು, ಅವರು ತಮ್ಮದು ಎಂದರು. ನಮ್ಮ ಬೆನ್ನಿಗೆ ರಾಜ ಕೊಂಗಲ್, ಅವರ ಬೆನ್ನಿಗೆ ರಾಜ ಫ್ಲಾನ್. ಎರಡು ಕಡೆಯವರೂ ತಮ್ಮ ತಮ್ಮ ಸಂತರ ಮೂಳೆಯ ಪೆಟ್ಟಿಗೆಯನ್ನು ಮುಂದೆ ಹೊತ್ತುಕೊಂಡು ಬಂದರು. ಸತ್ತವರ ಮೂಳೆ ಭದ್ರವಾಗಿ ಪೆಟ್ಟಿಗೆಯಲ್ಲಿತ್ತು, ಇದ್ದವರ ಮೂಳೆ ಹೊಳೆಯಲ್ಲಿ ಚೆಲ್ಲಿತು. ಕೊಂಗಲ್ ಸತ್ತ. ಮಠದ ಒಕ್ಕಲೆಂದು ಭರ್ಜಿ ಹಿಡಿದು ಹೋಗಿದ್ದ ನನ್ನ ಎರ್ಕನೂ ಸತ್ತ. ಅವನನ್ನು ಕ್ಲೂನ್‌ಬೆಗ್ ಮಠದ ಮಗ್ಗುಲಲ್ಲಿ ಹೂಳಿ, ಪಕ್ಕದಲ್ಲಿ ನನಗೂ ಜಾಗ ಬಿಟ್ಟರು. ಲೋರ್ಕಾನ್ ಸೆರೆ ಸಿಕ್ಕ.

ಸೋತ ರಾಜನ ಮಗನಿಗೆ ತಲೆ ಬೋಳಿಸಿ ಸನ್ಯಾಸಿ ಮಾಡಿಬಿಟ್ಟರೆ ಮುಂದೆ ಅವನು ಸಿಂಹಾಸನ ಕೇಳುವ ಹಾಗಿಲ್ಲ. ಲೋರ್ಕಾನನನ್ನೂ ದೈರ್‌ಮೋರಿನಲ್ಲಿ ಹಾಗೇ ಮಾಡಿ ಕೂಡಿಹಾಕಿದ್ದಾರೆ ಎಂದು ಸುದ್ದಿ ಬಂತು. ಅಷ್ಟೇ. ಆಮೇಲೆ ಒಂದು ಸುದ್ದಿಯಿಲ್ಲ. ಹೆತ್ತ ತಾಯಿ, ರಾಣಿ, ತನ್ನ ತವರಿಗೆ ಹೋಗಿ ಇನ್ನೊಬ್ಬ ರಾಜನನ್ನು ಮದುವೆಯಾದಳು. ಅವಳನ್ನು ಬೈಯಲಾರೆ, ಅವಳಿಗೆ ಮಗನೆಂದರೆ ಮೀಸೆ ಬಂದ ಮೇಲೆ ಕಂಡ ಮುಖ.

ನನಗೆ ಮಾತ್ರ ಆ ಮಗುವಿನ ಹಂಬಲ ಬಿಡಲಿಲ್ಲ. ಶನಿವಾರ ಬಂದರೆ ಕೈ ತಾನಾಗಿ ಎರಡು ಚೆಂಬು ನೀರು ಜಾಸ್ತಿ ಕಾಯಿಸುತ್ತಿತ್ತು. ಅಂಬಲಿ ಬಡಿಸುವಾಗ ಅವನ ಬಟ್ಟಲನ್ನೂ ತೆಗೆದಿಡುತ್ತಿದ್ದೆ, ಆಮೇಲೆ ಪೆದ್ದಿಯ ಹಾಗೆ ಒಳಗಿಡುತ್ತಿದ್ದೆ. ಹೊಳೆಯ ದಡಕ್ಕೆ ಬಟ್ಟೆ ಒಗೆಯಲು ಹೋದರೆ ಆಚೆ ದೈರ್‌ಮೋರಿನ ಓಕ್ ಮರಗಳ ಮೇಲೆ ಹೊಗೆ ಏಳುವುದು ಕಾಣುತ್ತಿತ್ತು. ಆ ಹೊಗೆಯ ಕೆಳಗೆ ನನ್ನ ಮಗ ಇದ್ದಾನೆ, ಏನು ತಿಂದನೋ, ಚಳಿಗೆ ಏನು ಹೊದ್ದನೋ. ಕೂಗಿದರೆ ಕೇಳುವಷ್ಟು ಹತ್ತಿರ. ಕೂಗಿಯೂ ಇದ್ದೇನೆ. ಒಗೆಯುವ ಹೆಂಗಸರು ಮುಖ ಮುಖ ನೋಡಿಕೊಂಡರು.

ನಮ್ಮ ಮಠದ ಹಿರಿಯರ ಹತ್ತಿರ ಹೋದೆ. "ಯುದ್ಧ ಮುಗಿದು ಎಲ್ಲ ತಣ್ಣಗಾಗಿದೆ ತಾಯಿ. ಸುಮ್ಮನೆ ಬೂದಿ ಕೆದಕಬೇಡ," ಎಂದರು.

"ಬೂದಿ ಆಗಿರೋದು ನಿಮಗೆ ಸ್ವಾಮಿ. ನನ್ನ ಹೊಟ್ಟೇಲಿ ಇನ್ನೂ ಕೆಂಡಾನೇ," ಎಂದು ಎದ್ದು ಬಂದೆ.

ಆಗಲೇ ನಿರ್ಧಾರ ಮಾಡಿದ್ದು, ದೈರ್‌ಮೋರಿನ ಬಾಗಿಲಲ್ಲಿ ಉಪವಾಸ ಕೂರುತ್ತೇನೆ ಎಂದು. ದೊಡ್ಡವರ ಮೇಲೆ ದೂರಿದ್ದರೆ ಬಡವರಿಗೆ ಇರುವ ದಾರಿ ಅದೊಂದೇ. ಬಾಗಿಲಲ್ಲಿ ಒಬ್ಬರು ಹಸಿದು ಕೂತಿರುವಾಗ ಒಳಗಿನ ಯಜಮಾನ ಒಂದು ತುತ್ತು ತಿಂದರೂ ಅವನ ಮಾನ ಹೋಯಿತು, ಆಮೇಲೆ ಅವನ ಮಾತನ್ನು ನಾಯಿಯೂ ಕೇಳುವುದಿಲ್ಲ. ಆದರೆ ಅವನು ನ್ಯಾಯ ಕೊಡುತ್ತೇನೆ ಎಂದ ಮೇಲೂ ಏಳದೆ ಕೂತರೆ, ಕೂತವರ ಹಕ್ಕು ಹೋಯಿತು. ಇನ್ನು ದೂರು ಏನೆಂದು ಹೇಳುವುದು? "ಮಗನನ್ನು ನೋಡಬೇಕು ಅನ್ನಿಸುತ್ತದೆ" ಎನ್ನುವುದಕ್ಕೆ ಕಟ್ಟಳೆಯಲ್ಲಿ ಜಾಗವಿಲ್ಲ. ಆದರೆ ಸಾಕಿದವರ ಮುಪ್ಪಿಗೆ ಸಾಕುಮಗ ಆಸರೆಯಾಗಬೇಕು ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಅದನ್ನೇ ಹಿಡಿದೆ.

ಅದು ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ. ಹೇಗೂ ಬರೀ ಒಣ ರೊಟ್ಟಿಯ ದಿನಗಳು, ಹೊಟ್ಟೆಗೂ ಅಭ್ಯಾಸವಾಗಿತ್ತು. ಜೇನುಗೂಡನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, "ಒಂದೆರಡು ದಿನದಲ್ಲಿ ಬರುತ್ತೇನೆ, ಲೋರ್ಕಾನನ ಜೊತೆ," ಎಂದು ಹೇಳಿ ಹೊಳೆ ದಾಟಿದೆ. ಸಂಜೆಯ ಹೊತ್ತಿಗೆ ದೈರ್‌ಮೋರಿನ ಹೆಬ್ಬಾಗಿಲ ಮುಂದೆ ಕಂಬಳಿ ಹಾಸಿ ಕೂತೆ.

ಬಾಗಿಲು ಕಾಯುವ ಸನ್ಯಾಸಿಯ ಹೆಸರು ಕ್ರೋನಾನ್. ತೆಳ್ಳಗೆ ಉದ್ದಕ್ಕೆ, ನೆತ್ತಿಯಲ್ಲಿ ರೊಟ್ಟಿಯಗಲ ಬೋಳು.

"ಯಾರಮ್ಮ ಅದು, ದಾರಿಗೆ ಅಡ್ಡ ಕೂತಿರೋದು?"

"ಉಪವಾಸ ಕೂತಿದೀನಿ ಕಣಪ್ಪ. ನಿಮ್ಮ ದೊಡ್ಡ ಸ್ವಾಮಿಗಳ ಮೇಲೆ."

ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಅಯ್ಯೋ ದೇವರೇ! ವರ್ಷದಲ್ಲಿ ಇಷ್ಟು ದಿನ ಇತ್ತಲ್ಲ ತಾಯಿ, ಇವತ್ತೇ ಬೇಕಿತ್ತಾ ನಿನಗೆ?"

"ಯಾಕೆ, ಇವತ್ತೇನು ನಿಮ್ಮ ಸ್ವಾಮಿಗಳ ಮದುವೇನಾ?" ಎಂದೆ. ಅವನು ಓಡಿದ. ಇವನಿಗೆ ಯಾಕಿಷ್ಟು ಗಾಬರಿ ಎಂದು ನನಗೆ ಅರ್ಥವಾಗಲಿಲ್ಲ.

ಬೆಳಗಾದಾಗ ಅರ್ಥವಾಯಿತು. ಸೂರ್ಯ ಮೂಡುತ್ತಲೇ ಇದ್ದಬದ್ದ ಗಂಟೆಗಳೆಲ್ಲ ಹೊಡೆದುಕೊಂಡವು. "ಎದ್ದ! ಸ್ವಾಮಿ ಎದ್ದ!" ಎಂದು ಒಳಗೆ ಕೂಗಾಟ. ಹಿಂದೆಯೇ ಹಂದಿಮಾಂಸ ಸುಡುವ ವಾಸನೆ ಬಂತು, ಬಿಸಿ ರೊಟ್ಟಿಯ ವಾಸನೆ, ಬೆಣ್ಣೆ ಕಾಯಿಸುವ ವಾಸನೆ. ಎಲಾ ಇವರಾ! ನನ್ನ ಏಸುಸ್ವಾಮಿ ಇನ್ನೂ ಶಿಲುಬೆಗೇ ಏರಿಲ್ಲ, ಇವರ ಏಸುಸ್ವಾಮಿ ಆಗಲೇ ಎದ್ದು ಊಟಕ್ಕೆ ಕೂತಿದ್ದಾನೆ! ನಮ್ಮ ಲೆಕ್ಕಕ್ಕೆ ಹಬ್ಬಕ್ಕೆ ಇನ್ನೂ ಒಂದು ವಾರ. ಹೊಸ ಲೆಕ್ಕದವರು ಯಾವತ್ತು ಮಾಡುತ್ತಾರೆಂದು ನಾನು ಯಾರನ್ನೂ ಕೇಳಿರಲಿಲ್ಲ. ನಮ್ಮ ದಡದಲ್ಲಿ ಯಾರೂ ಕೇಳುವುದಿಲ್ಲ, ಕೇಳಿದರೆ ಜಾತಿಗೆಟ್ಟ ಹಾಗೆ. ಇಡೀ ತಪಸ್ಸು ಕಾಲ ಹಸಿದಿದ್ದ ಮಠದ ಜನರೆಲ್ಲ ಹಬ್ಬದೂಟಕ್ಕೆ ಕಾದಿದ್ದಾರೆ, ನಾನು ಬಾಗಿಲಲ್ಲಿ ಉಪವಾಸ ಕೂತಿದ್ದೇನೆ. ಸ್ವಾಮಿಗಳು ತಿನ್ನುವ ಹಾಗಿಲ್ಲ. ಸ್ವಾಮಿಗಳು ತಿನ್ನದೆ ಉಳಿದವರು ಮುಟ್ಟುವ ಹಾಗಿಲ್ಲ.

ಬೇಲಿಯ ಸಂದಿಯಲ್ಲಿ ಬೋಳುನೆತ್ತಿಗಳು ಇಣುಕಿ ನೋಡತೊಡಗಿದವು. ಕ್ರೋನಾನ್ ಕೈಮುಗಿದುಕೊಂಡು ಬಂದ.

"ತಾಯಿ, ನಿನ್ನ ದಮ್ಮಯ್ಯ. ಭಾನುವಾರ ಉಪವಾಸ ಕೂರೋದು ಪಾಪ."

"ಹೊಟ್ಟೆಗೆ ವಾರ ಗೊತ್ತಾಗಲ್ಲಪ್ಪ."

"ಮಧ್ಯಾಹ್ನಕ್ಕೆ ರಾಜ ಫ್ಲಾನ್ ಊಟಕ್ಕೆ ಬರ್ತಿದಾರೆ. ಆ ಹಂದಿ ನೋಡು, ಸೀದು ಹೋಗ್ತಿದೆ!"

"ಸೀಯಲಿ. ನನ್ನ ಕರುಳು ಎರಡು ಚಳಿಗಾಲದಿಂದ ಸೀಯ್ತಿದೆ, ಯಾರಾದ್ರೂ ಓಡಿ ಬಂದ್ರಾ?"

ಅವನು ಕಣ್ಣು ತಗ್ಗಿಸಿದ. ಅವನು ಕಣ್ಣು ತಗ್ಗಿಸಿದ್ದನ್ನು ನಾನು ಹಸಿವಿನ ಸಂಕಟ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಮಠದ ದೊಡ್ಡ ಸ್ವಾಮಿಗಳು ಕೆಲ್ಲಾಖ್ ಬಂದರು. ನಾನು ರಾಕ್ಷಸನನ್ನು ಎದುರು ನೋಡುತ್ತಿದ್ದೆ. ಬಂದವರು ಸೊರಗಿದ ಮುದುಕರು, ಕೋಲು ಊರಿಕೊಂಡು. ಜೊತೆಗೆ ಮಠದ ನ್ಯಾಯ ಹೇಳುವ ಓದ್ರಾನ್. ಅವನ ಹೊಟ್ಟೆ ದಪ್ಪ, ಮುಖ ಗಂಟು.

"ಏನಮ್ಮ ನಿನ್ನ ದೂರು? ಬೇಗ ಹೇಳು," ಎಂದ ಓದ್ರಾನ್.

"ನಾನು ಲೋರ್ಕಾನನ ಸಾಕುತಾಯಿ, ಸಾರ್ನಾತ್ ಅಂತ. ಗಂಡ ಸತ್ತ, ವಯಸ್ಸಾಯ್ತು. ಸಾಕಿದ ಮಗ ನನ್ನ ಮುಪ್ಪು ನೋಡ್ಕೋಬೇಕು. ಅವನನ್ನ ನೀವು ಇಟ್ಕೊಂಡಿದೀರಿ. ನನ್ನ ಹಕ್ಕು ನನಗೆ ಬರಲಿ."

ಕೆಲ್ಲಾಖ್ ಸ್ವಾಮಿಗಳು ಮೆಲ್ಲಗೆ ತಲೆದೂಗಿದರು. "ನ್ಯಾಯವಾದ ಮಾತು ತಾಯಿ. ಮಗ ನಮ್ಮವನಾದ ಮೇಲೆ ಅವನ ಮೇಲಿನ ಋಣಾನೂ ನಮ್ಮದೇ. ನೀವು ಬದುಕಿರೋವರೆಗೆ ದಿನಾ ನಿಮಗೆ ರೊಟ್ಟಿ, ಹಾಲು ಈ ಮಠದಿಂದ ಬರುತ್ತೆ. ಹೊಳೆ ದಾಟಿಸಿ ಬಾಗಿಲಿಗೇ ತಲುಪಿಸ್ತೀವಿ. ಇದಕ್ಕೆ ಓದ್ರಾನ್ ಸಾಕ್ಷಿ. ಏಳಿ, ನಮ್ಮ ಜೊತೆ ಎರಡು ತುತ್ತು ತಿನ್ನಿ."

ಕೇಳಿದ್ದನ್ನು ಕೊಟ್ಟುಬಿಟ್ಟಿದ್ದರು. ನಾನು ಮಗನನ್ನು ಕೇಳಲು ಬಂದು ರೊಟ್ಟಿ ಕೇಳಿದ್ದೆ, ರೊಟ್ಟಿ ಸಿಕ್ಕಿತ್ತು.

"ನನಗೆ ರೊಟ್ಟಿ ಬೇಡ ಸ್ವಾಮಿ. ಅವನು ಬೇಕು. ಮನೆಗೆ ಕರ್ಕೊಂಡು ಹೋಗ್ತೀನಿ."

"ಅದು ಆಗದ ಮಾತು. ಅವನು ದೀಕ್ಷೆ ತಗೊಂಡವನು."

ಓದ್ರಾನ್ ಕೈ ಝಾಡಿಸಿದ. "ಮುಪ್ಪಿಗೆ ಆಸರೆ ಕೇಳಿದೆ, ಆಸರೆ ಕೊಟ್ವಿ. ಬೇಡ ಅಂದ್ರೆ ಹಕ್ಕೂ ಬೇಡ ಅಂದ ಹಾಗೆ. ಸ್ವಾಮಿಗಳೇ ನಡೀರಿ, ಇನ್ನು ಊಟಕ್ಕೆ ದೋಷ ಇಲ್ಲ."

ಅವರು ತಿರುಗಿಯೇ ಬಿಟ್ಟರು. ಇನ್ನೊಂದು ಗಳಿಗೆ ಅವರನ್ನು ನಿಲ್ಲಿಸಬೇಕು, ಹೇಗಾದರೂ ನಿಲ್ಲಿಸಬೇಕು, ಅಷ್ಟೇ ತೋಚಿದ್ದು. "ನಿಲ್ಲಿ! ಒಪ್ಪಂದಕ್ಕೆ ಮುಂಚೆ ಕಟ್ಟಳೆ ಪೂರ್ತಿ ಹೇಳೋದು ಪದ್ಧತಿ. ನಮ್ಮ ಕಡೆ ಹಸು ಮಾರೋದಕ್ಕೂ ಹೇಳ್ತಾರೆ. ನಾನೇನು ಹಸೂಗಿಂತ ಕಡೇನಾ?"

ಓದ್ರಾನ್ ಹಲ್ಲು ಕಡಿದ. ಆದರೆ ಪದ್ಧತಿ ಪದ್ಧತಿಯೇ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ, ಹುಡುಗರು ಪಾಠ ಒಪ್ಪಿಸುವ ಹಾಗೆ ರಾಗವಾಗಿ ಶುರು ಮಾಡಿದ. "ಸಾಕಿದವರ ಮುಪ್ಪಿಗೆ ಆಸರೆ ಮೂರು. ಅನ್ನದ ಆಸರೆ, ಹಾಲಿನ ಆಸರೆ, ಕೈಯ ಆಸರೆ. ಅನ್ನದ ಆಸರೆಗೆ ರೊಟ್ಟಿ, ಉಪ್ಪು, ಸೊಪ್ಪು. ಹಾಲಿನ ಆಸರೆಗೆ ಬೇಸಿಗೆಗೆ ಹಾಲು, ಚಳಿಗೆ ಮಜ್ಜಿಗೆ. ಕೈಯ ಆಸರೆಗೆ ಇಪ್ಪತ್ತು ದಿನಕ್ಕೊಮ್ಮೆ ಮೈಗೆ ನೀರು, ಶನಿವಾರ ತಲೆಗೆ ನೀರು."

ಶನಿವಾರ ತಲೆಗೆ ನೀರು.

"ಕೈಯ ಆಸರೆ ಅಂದ್ರಲ್ಲ ಸ್ವಾಮಿ, ಯಾರ ಕೈ?"

"ಮಗನ ಕೈ, ಇನ್ಯಾರದು? ಅನ್ನ ಹಾಲು ಯಾರ ಮನೆಯಿಂದ ಬಂದ್ರೂ ಹೊಟ್ಟೆಗೆ ಸೇರುತ್ತೆ. ಕೈ ಮಾತ್ರ ಮಗ ಬದುಕಿರೋವರೆಗೆ ಮಗನದೇ..." ಓದ್ರಾನ್ ಕಣ್ಣು ಬಿಟ್ಟು ಸ್ವಾಮಿಗಳ ಮುಖ ನೋಡಿದ. ಅಲ್ಲಿಗೇ ಮಾತು ನಿಲ್ಲಿಸಿದ.

ಸ್ವಾಮಿಗಳ ಮುಖ ಬಿಳುಚಿಕೊಂಡಿತ್ತು. ನನಗೆ ಭಯ ಹುಟ್ಟಿತು.

"ಬದುಕಿದ್ದಾನಾ?" ಎಂದೆ. "ಸ್ವಾಮಿ, ನನ್ನ ಮಗ ಬದುಕಿದ್ದಾನಾ?"

"ಬದುಕಿದ್ದಾನೆ."

"ಮತ್ತೆ? ನಿಮ್ಮ ದೀಕ್ಷೆ ನೀವೇ ಇಟ್ಕೊಳ್ಳಿ. ಶನಿವಾರ ಶನಿವಾರ ಕಳಿಸಿ ಸಾಕು. ನಾನು ಹೊಳೆ ದಂಡೆಗೆ ಬರ್ತೀನಿ. ಒಂದು ಚೆಂಬು ನೀರು ಹುಯ್ದು ಹೋಗ್ಲಿ."

ಸ್ವಾಮಿಗಳು ಓದ್ರಾನನನ್ನು ಆಚೆ ಹೋಗಲು ಹೇಳಿ, ಕೋಲು ಊರಿಕೊಂಡು ನನ್ನ ಪಕ್ಕ ನೆಲದ ಮೇಲೆಯೇ ಕೂತರು. ನಮ್ಮ ತಲೆಯ ಮೇಲೆ ಮಠದ ಗಡಿಯ ಕಲ್ಲು ಶಿಲುಬೆ. ಆ ಶಿಲುಬೆಯಿಂದ ಒಳಗೆ ಬಂದವನನ್ನು, ಕೊಲೆಗಾರನಾದರೂ ಸರಿ, ಯಾರೂ ಮುಟ್ಟಬಾರದು. ಹಸುಗೂಸಿಗೂ ಗೊತ್ತಿರುವ ಮಾತು.

"ತಲೆ ಬೋಳಿಸಿದ್ದು ಸಾಲದು ಅಂದ ರಾಜ ಫ್ಲಾನ್," ಎಂದರು ಸ್ವಾಮಿಗಳು. "ಕೂದಲು ಮತ್ತೆ ಬೆಳೆಯುತ್ತೆ ಅಂದ. ಊನ ಇದ್ದವನು ಯಾವತ್ತೂ ರಾಜ ಆಗೋ ಹಾಗಿಲ್ಲ, ಅದಕ್ಕೆ... ಇಲ್ಲೇ, ಈ ಶಿಲುಬೆ ಒಳಗೇ. ಅವನ ಆಳುಗಳು ಬಂದ್ರು. ನಾನು ಅಡ್ಡ ನಿಲ್ಲಬೇಕಿತ್ತು. ನಿಲ್ಲಲಿಲ್ಲ."

"ಏನು ಮಾಡಿದ್ರು?"

"ಅವನಿಗೆ ಕಣ್ಣು ಕಾಣಲ್ಲ ತಾಯಿ."

ನಾನು ಏನು ಮಾಡಿದೆನೆಂದು ನನಗೆ ನೆನಪಿಲ್ಲ. ಸ್ವಾಮಿಗಳ ಕೆನ್ನೆಯ ಮೇಲೆ ನನ್ನ ಉಗುರಿನ ಗೆರೆಗಳಿದ್ದವು, ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ. ಓಡಿ ಬಂದ ಕ್ರೋನಾನನನ್ನು ಕೈಸನ್ನೆಯಲ್ಲೇ ಹಿಂದಕ್ಕೆ ಕಳಿಸಿದರು.

ಆಮೇಲೆ ಹೇಳಿದರು. ಸಂತನ ಗಡಿಯೊಳಗೆ ಈ ಕೆಲಸವಾಯಿತೆಂದು ಹೊರಗೆ ಗೊತ್ತಾದರೆ ಇಡೀ ಐರ್ಲೆಂಡ್ ದೈರ್‌ಮೋರಿನ ಮುಖಕ್ಕೆ ಉಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೊಂಗಲ್ ರಾಜನ ತಮ್ಮಂದಿರು ಇದಕ್ಕೇ ಕಾದು ಕೂತಿದ್ದಾರೆ. ಮತ್ತೆ ಸಂತರ ಪೆಟ್ಟಿಗೆಗಳು ಹೊಳೆಗೆ ಇಳಿಯುತ್ತವೆ. "ಅವನನ್ನ ನೋಡಬಹುದು. ಶನಿವಾರ ಶನಿವಾರ ಅವನ ಕೈಯಿಂದಲೇ ನಿಮ್ಮ ತಲೆಗೆ ನೀರು. ಆದರೆ ನೋಡಿದ ಮೇಲೆ ನೀವು ಹೊಳೆ ದಾಟೋ ಹಾಗಿಲ್ಲ. ಕೇಳಿದ್ದನ್ನ ನುಂಗಬಹುದು, ಕಂಡಿದ್ದನ್ನ ಮುಖವೇ ಹೇಳಿಬಿಡುತ್ತೆ. ಸಾಯೋವರೆಗೆ ಇಲ್ಲೇ. ಅಥವಾ ನೋಡದೇ ಈಗಲೇ ಹೋಗಿ, ರೊಟ್ಟಿ ಹಾಲು ಬರುತ್ತೆ. ಕೇಳಿದ ಮಾತನ್ನ ನಿಮ್ಮ ಬಾಯಿಂದ ಆಡಲ್ಲ ಅಂತ ಆಣೆ ಮಾಡಿ ಹೋಗಿ."

ಈಗಲೂ ಈ ಮಠದ ಒಳಗಿನವರು, "ಯೋಚನೆ ಮಾಡಲಿಲ್ಲವಾ?" ಎನ್ನುತ್ತಾರೆ. ಯಾಕೆ ಮಾಡಲಿಲ್ಲ? ಮಾಡಿದೆ. ಎರ್ಕನ ಪಕ್ಕ ನನಗೆ ಬಿಟ್ಟ ಜಾಗ ನೆನಪಾಯಿತು. ಬದುಕಿದ್ದಾಗ ಅವನ ಗೊರಕೆಗೆ ಬೈದಿದ್ದೇನೆ, ಆದರೂ ಸತ್ತ ಮೇಲೆ ಇನ್ಯಾರ ಮಗ್ಗುಲಲ್ಲಿ ಮಲಗಲಿ? ನನ್ನ ಕೂಸನ್ನು ಹೂಳಿದ ನೆಲ ನೆನಪಾಯಿತು. ಜೇನುಗೂಡು, ಒಲೆ, ಹೊಳೆಯ ದಂಡೆಯ ಬಾಯಿಬಡುಕಿಯರು, ಎಲ್ಲ ನೆನಪಾಯಿತು. ಲೋರ್ಕಾನನನ್ನು ಮನೆಗೆ ಕರೆತರುತ್ತೇನೆ ಎಂದು ಬಂದವಳು ನಾನು. ಈಗ ಮನೆಯೇ ಇಲ್ಲ.

"ಏನಾದ್ರೂ ತಿನ್ನೋಕೆ ಕೊಡಿ," ಎಂದೆ.

ಉಪವಾಸ ಮುರಿದರೆ ಒಪ್ಪಂದ ಗಟ್ಟಿ. ಕ್ರೋನಾನ್ ರೊಟ್ಟಿಯ ಮೇಲೆ ಹಂದಿಮಾಂಸ ಇಟ್ಟು ತಂದ. ನಮ್ಮ ತಪಸ್ಸು ಕಾಲ ಇನ್ನೂ ಮುಗಿಯದಿದ್ದಾಗ ನಾನು ಅವರ ಹಬ್ಬದ ಮಾಂಸ ತಿಂದೆ. ಕ್ಲೂನ್‌ಬೆಗ್‌ನಲ್ಲಿ ಇದಕ್ಕೆ ಕ್ಷಮೆಯಿಲ್ಲ. ಸೀದಿತ್ತು ಬೇರೆ.

ಅಡುಗೆಮನೆಯ ಹಿಂದೆ ತಡಿಕೆ ಗೋಡೆಯ ಒಂದು ಗುಡಿಸಲು. ಒಳಗೆ ಬೀಸುಕಲ್ಲಿನ ಸದ್ದು. ಬಾಗಿಲ ಹತ್ತಿರ ನನ್ನನ್ನು ಬಿಟ್ಟು ಅವರೆಲ್ಲ ಹೋದರು. ಅವನು ಗೋಡೆಗೆ ಮುಖ ಮಾಡಿ ಕೂತು ಬೀಸುತ್ತಿದ್ದ. ಬೆನ್ನು ಎಷ್ಟು ಸಣ್ಣಗಾಗಿತ್ತೆಂದರೆ ನಾನು ಬೇರೆ ಯಾರೋ ಎಂದುಕೊಂಡೆ. ಹಿಟ್ಟು ಮೈತುಂಬ. ನೆತ್ತಿಯಲ್ಲಿ ಅವರ ರೊಟ್ಟಿಯಗಲದ ಬೋಳು. ನಾನು ಬಾಗಿಲಲ್ಲೇ ನಿಂತೆ. ಬೀಸುಕಲ್ಲು ನಿಂತಿತು.

"ಯಾರು?" ಎಂದ. ಸ್ವಲ್ಪ ತಡೆದು, "ಅವ್ವಾ?"

"ಹೇಗೋ ಗೊತ್ತಾಯ್ತು?"

"ನಿನ್ನ ಮೂಗು. ಅಳೋಕೆ ಮುಂಚೆ ಸೊರ್ ಅನ್ನುತ್ತೆ."

ತಿರುಗಲಿಲ್ಲ. ಕೈಯಿಂದ ಮುಖ ಮುಚ್ಚಿಕೊಂಡು, "ಯಾಕವ್ವ ಬಂದೆ? ನೀನು ನನ್ನನ್ನ ಹೀಗೆ ನೋಡಬಾರದು ಅಂತ ದಿನಾ ಬೇಡ್ಕೊಂಡಿದೀನಿ. ದಿನಾ. ಆಮೇಲೆ ನೀನು ಬರಲಿ ಅಂತಾನೂ ಬೇಡ್ಕೋತಿದ್ದೆ," ಎಂದ.

"ದೇವರಿಗೂ ತಲೆ ಕೆಟ್ಟಿರುತ್ತೆ, ಪಾಪ," ಎಂದು ಹೋಗಿ ಅವನ ಕೈ ಕೆಳಗಿಳಿಸಿದೆ. ಆ ಮುಖದ ಬಗ್ಗೆ ಹೇಳುವುದಿಲ್ಲ. ನನ್ನ ಮಗನ ಮುಖ ಅದು. ತಲೆಯನ್ನು ಎದೆಗೆ ಒತ್ತಿಕೊಂಡೆ, ಅವನು ಗಟ್ಟಿಯಾಗಿ ಅತ್ತ, ನಾನೂ ಅತ್ತೆ. ಹೊರಗೆ ರಾಜ ಫ್ಲಾನನ ಕುದುರೆಗಳು ಬಂದ ಸದ್ದು, ಹಬ್ಬದ ಹಾಡು. ಲೋರ್ಕಾನ್ ಆ ಸದ್ದಿಗೆ ನಡುಗಿದ. ಅದು ನಿಲ್ಲುವವರೆಗೆ ಅವನ ಕಿವಿ ಮುಚ್ಚಿ ಹಿಡಿದಿದ್ದೆ.

ನನಗೆ ಮಠದ ಬೇಲಿಯ ಪಕ್ಕ ಒಂದು ಗುಡಿಸಲು ಕೊಟ್ಟರು. ವಾರ ಕಳೆದು ಶನಿವಾರ ಬಂತು. ಕ್ರೋನಾನ್ ಅವನನ್ನು ಕೈಹಿಡಿದು ತಂದು, ಬಿಸಿ ನೀರಿನ ಹಂಡೆ ಇಟ್ಟು, "ನಾನು ಆಚೆ ಇರ್ತೀನಿ ತಾಯಿ," ಎಂದು ಹೋದ. ಆ ಬಡಪಾಯಿ ಈಗಲೂ ನನ್ನ ಕಣ್ಣು ತಪ್ಪಿಸುತ್ತಾನೆ.

ನಾನು ಒಲೆಯ ಮುಂದೆ ಕೂತೆ. ಲೋರ್ಕಾನ್ ಹಿಂದೆ ಮಂಡಿಯೂರಿ, ತಡವರಿಸಿ ನನ್ನ ತಲೆ ಹುಡುಕಿ, ಕೂದಲು ಬಿಚ್ಚಿದ. ಅವನ ಬೆರಳು ನೆತ್ತಿಯ ಮೇಲೆ ಒಂದು ಗಳಿಗೆ ನಿಂತವು. ಏನಿದೆ ಅಲ್ಲಿ, ಹಿಡಿಯಷ್ಟೂ ಇಲ್ಲ. ಆ ಯುದ್ಧದ ವರ್ಷವೇ ಉದುರಿ, ಉಳಿದದ್ದು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು. ದೂರದಲ್ಲಿ ಗಂಟೆ ಕೇಳಿಸಿತು. ನಮ್ಮ ಕ್ಲೂನ್‌ಬೆಗ್ ಗಂಟೆ, ಒಂದು ಅಂಚು ಸೀಳಿರುವುದರಿಂದ ಅದರ ದನಿ ಒಡಕು. ನಾಳೆ ನಮ್ಮ ಪಾಸ್ಕ ಹಬ್ಬ. ಎರ್ಕನ ಗೋರಿಗೆ ಈ ಸಲ ಯಾರು ಹೂ ಇಡುತ್ತಾರೋ. ಲೋರ್ಕಾನನ ಕೈ ನಿಂತಿತು. ಇಬ್ಬರೂ ಆ ಗಂಟೆ ಮುಗಿಯುವವರೆಗೆ ಕೇಳಿದೆವು.

"ಮನೆಗೆ ಹೋಗಬೇಕು ಅನ್ಸುತ್ತಾ ಅವ್ವಾ?"

"ಅನ್ಸುತ್ತೆ," ಎಂದೆ. ಅವನಿಗೆ ಸುಳ್ಳು ಹೇಳಬಾರದು ಎಂದುಕೊಂಡಿದ್ದೆ. "ನಿನಗೆ?"

"ದಿನಾ."

ಬೆಚ್ಚಗಿನ ನೀರು ನೆತ್ತಿಗೆ ಬಿತ್ತು. ಅವನು ಮೆಲ್ಲಗೆ ಉಜ್ಜಿದ, ಸಣ್ಣವನಿದ್ದಾಗ ಉಜ್ಜುತ್ತಿದ್ದ ಹಾಗೆ, ಸುತ್ತಿ ಸುತ್ತಿ. ಆಮೇಲೆ ಕೇಳಿದ.

"ಅವ್ವಾ, ಕೂದಲು ಇನ್ನೂ ಕೆಂಪೇ ಇದೆಯಾ?"

"ಕೆಂಪೇ ಕಣೋ," ಎಂದೆ. "ಮೊದಲಿನ ಹಾಗೇ."

ಅವನು ಇಷ್ಟೇ ಇಷ್ಟು ಕೂದಲನ್ನು ಎರಡು ಕೈಯಲ್ಲೂ ಹಿಡಿದು, ಸೊಂಟದವರೆಗೆ ಇರುವುದನ್ನು ಹಿಂಡುವ ಹಾಗೆ, ಗಾಳಿಯಲ್ಲಿ ಕೈ ಉದ್ದಕ್ಕೆ ಎಳೆದು ಹಿಂಡಿದ. ಕೊನೆಯ ಚೆಂಬು ತುಂಬಿಕೊಂಡು ನನ್ನ ಕಿವಿಗೆ ನೀರು ಹುಯ್ದ.

ನಾನು ಬೈಯಲಿಲ್ಲ. ಇನ್ನೊಂದು ಕಿವಿಯನ್ನೂ ಅವನ ಕಡೆಗೆ ತಿರುಗಿಸಿದೆ.